ಮೊದಲ ಗುಂಡಿಗೆ ಆವರೇಜ್ ಇಲ್ಲ

ಅಮೆರಿಕದಲ್ಲಿ ಎಚ್1ಬಿ ವೀಸಾ ಮೇಲಿರುವ ನಮ್ಮ ಕೆಲವು ಹುಡುಗರ ಪರ್ಸ್ ತೆಗೆದು ನೋಡಿದರೆ ಡ್ರೈವಿಂಗ್ ಲೈಸೆನ್ಸಿನ ಹಿಂದೆ ಇನ್ನೊಂದು ಲೈಸೆನ್ಸ್ ಸಿಗುತ್ತೆ: ಬೇಟೆಯಾಡುವ ಲೈಸೆನ್ಸ್. ಹಾಗಂತ ಅವರೇನೂ ಬೇಟೆಗಾರರಲ್ಲ, ಜನ್ಮದಲ್ಲಿ ಸೊಳ್ಳೆ ಬಿಟ್ಟು ಬೇರೇನೂ ಹೊಡೆದವರಲ್ಲ. ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ನಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಯಾವುದಾದರೂ ರಾಜ್ಯದ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಹಾಗಾಗಿ ವೀಕೆಂಡಲ್ಲಿ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಮಾಡುವ ಆಸೆ ಇದ್ದವನು ಮೊದಲು ಕಾಗದದ ಮೇಲೆ ಬೇಟೆಗಾರ ಆಗಬೇಕು!

ಪೆನ್ಸಿಲ್ವೇನಿಯಾದಲ್ಲಿ ಮೂರು ವರ್ಷ ಆನ್‌ಸೈಟ್ ಇದ್ದಾಗ ನಾನೂ ಹೀಗೇ ಬೇಟೆಗಾರನಾದೆ. ಅಲ್ಲಿ ಮೊದಲ ಸಲ ಲೈಸೆನ್ಸ್ ತೆಗೆದುಕೊಳ್ಳುವವರು ಒಂದು ಸುರಕ್ಷತಾ ಕೋರ್ಸ್ ಮುಗಿಸಬೇಕು. ಕೋರ್ಸ್ ಅಂದ ತಕ್ಷಣ ಹೇಗೆ ಹೊಡೆಯೋದು ಅಂತ ಹೇಳಿಕೊಡ್ತಾರೆ ಅಂದ್ಕೊಂಡಿದ್ದೆ. ಅಲ್ಲಿ ಒತ್ತಿ ಒತ್ತಿ ಹೇಳಿದ್ದು ಯಾವಾಗ ಹೊಡೆಯಬಾರದು ಅನ್ನೋದನ್ನ. ಗುರಿ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಹೊಡೀಬೇಡ. ಗುರಿಯ ಹಿಂದೆ ಏನಿದೆ ಗೊತ್ತಿಲ್ಲದಿದ್ದರೆ ಹೊಡೀಬೇಡ. ಆಗ ಇದೆಲ್ಲ ನಮ್ಮ ಕಂಪನಿಗಳ ಕಂಪ್ಲಯನ್ಸ್ ಟ್ರೈನಿಂಗ್ ಥರ ಅನ್ನಿಸಿತ್ತು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಅದರ ಅರ್ಥ ಗೊತ್ತಾಗಿದ್ದು ರೇಂಜಿನಿಂದ ಕಾಡಿಗೆ ಹೋದಾಗ.

ಪಾಯಿಂಟ್ ಟೂಟೂ ರೈಫಲ್ ನಮ್ಮವರಿಗೆ ಹೊಸದೇನಲ್ಲ. ಕಾಲೇಜಲ್ಲಿ ಎನ್‌ಸಿಸಿ ಮಾಡಿದವರು ಒಮ್ಮೆಯಾದರೂ ಹಿಡಿದಿರ್ತೀರಿ. ನೆಲದ ಮೇಲೆ ಮಲಗಿ, 25 ಗಜ ದೂರಕ್ಕೆ ಐದು ಗುಂಡು. ಆಮೇಲೆ ಹವಾಲ್ದಾರ್ ಸಾಹೇಬರು ಸ್ಕೇಲ್ ಹಿಡ್ಕೊಂಡು ಬಂದು ಗ್ರೂಪಿಂಗ್ ಅಳೆಯೋದು. ಗುಂಡು ನಡುವಿಗೆ ಬಿತ್ತೋ ಮೂಲೆಗೆ ಬಿತ್ತೋ ಅನ್ನೋದಲ್ಲ, ಐದೂ ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಅನ್ನೋದು ಅಲ್ಲಿನ ಲೆಕ್ಕ. ಗುಂಪು ಬಿಗಿಯಾಗಿದ್ದರೆ ಸಾಕು, ಅದನ್ನು ನಡುವಿಗೆ ತರೋದು ಸೈಟ್ ತಿರುಗಿಸಿದರೆ ಆಗುವ ಕೆಲಸ.

ಇದನ್ನ ರಿಮ್‌ಫೈರ್ ಅಂತ ಯಾಕೆ ಕರೀತಾರೆ ಅಂದರೆ, ಗುಂಡಿನ ಹಿತ್ತಾಳೆ ಕೊಳವೆಯ ತಳದಲ್ಲಿ ಹೊರಕ್ಕೆ ಮಡಚಿದ ಒಂದು ಅಂಚಿದೆ. ಕಿಡಿ ಹೊತ್ತಿಸುವ ಮದ್ದು ಇರೋದು ಆ ಅಂಚಿನ ಒಳಗೆ. ರೈಫಲಿನ ಪಿನ್ನು ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತೆ. ಪಿನ್ನಿಗೆ ಜಜ್ಜಲು ಬರಬೇಕು ಅಂದರೆ ಹಿತ್ತಾಳೆ ತೆಳುವಾಗಿರಬೇಕು, ತೆಳುವಾದ ಹಿತ್ತಾಳೆ ಹೆಚ್ಚು ಒತ್ತಡ ತಡೆಯಲ್ಲ. ಆದ್ದರಿಂದ ಇದರ ಶಕ್ತಿಗೆ ಒಂದು ಮಿತಿ ಇದೆ. 1887ರಲ್ಲಿ ಬಂದ ಈ ಪಾಯಿಂಟ್ ಟೂಟೂ ಲಾಂಗ್ ರೈಫಲ್ ಗುಂಡಿನ ಸೀಸ ಇವತ್ತಿಗೂ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಮ್ ತೂಗುತ್ತೆ. ಅಂಚಿನೊಳಗೆ ಮದ್ದು ಸಮನಾಗಿ ಹರಡಿಲ್ಲ ಅಂದರೆ ಗುಂಡಿನಿಂದ ಗುಂಡಿಗೆ ವೇಗ ಬದಲಾಗುತ್ತೆ. ಅದಕ್ಕೇ ದೊಡ್ಡ ಸ್ಪರ್ಧಿಗಳು ಎಲಿ, ಲಪುವಾ ಥರದ ಕಂಪನಿಗಳ ಟೆಸ್ಟ್ ರೇಂಜಿಗೆ ತಮ್ಮ ರೈಫಲನ್ನೇ ಒಯ್ದು, ತಮಗೆ ಹೊಂದುವ ಲಾಟ್ ಯಾವುದು ಅಂತ ಹುಡುಕಿ ಖರೀದಿ ಮಾಡ್ತಾರೆ.

ನನ್ನ ಗುರು ನಮ್ಮ ಟೀಮಿನ ಡಿಬಿಎ. ಐವತ್ತು ದಾಟಿದ ಮನುಷ್ಯ, ಡೇಟಾಬೇಸಿಗೆ ಬ್ಯಾಕಪ್ ಇಲ್ಲದೆ ಒಂದು ಲೈನ್ ಓಡಿಸಲ್ಲ. ಅವನ ರೈಫಲ್ಲನ್ನೇ ರೇಂಜಲ್ಲಿ ನನಗೂ ಕೊಡ್ತಿದ್ದ. ಬೆಂಚ್ ಮೇಲೆ ಮರಳು ಚೀಲ, ಚೀಲದ ಮೇಲೆ ರೈಫಲ್, ಮುಂದೆ 50 ಗಜ ಅಂತ ಬರೆದ ಬೋರ್ಡು. ಒಂದು ತಿಂಗಳಲ್ಲಿ ನನ್ನ ಐದು ಗುಂಡಿನ ಗುಂಪು ಒಂದು ಇಂಚಿನೊಳಗೆ ಬರತೊಡಗಿತು. ಟಾರ್ಗೆಟ್ ಹಾಳೆಯನ್ನ ಮನೆಗೆ ತಂದು ಫ್ರಿಜ್ ಮೇಲೆ ಅಂಟಿಸಿದ್ದೆ. ಅಳಿಲಿನ ತಲೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಒಂದೂವರೆ ಇಂಚು ಅಂತ ಅವನು ಹೇಳಿದಾಗ, ಹಾಗಾದರೆ ನಾನು ರೆಡಿ ಅಲ್ವಾ ಅಂತ ಕೇಳಿದೆ. ಅವನು ನಕ್ಕು, "ನಿನ್ನ ಟೆಸ್ಟ್ ಎನ್ವಿರಾನ್ಮೆಂಟ್ ತುಂಬಾ ಚೆನ್ನಾಗಿದೆ" ಅಂದ. ಸಾಫ್ಟ್‌ವೇರಿನವರಿಗೆ ಇದಕ್ಕಿಂತ ಚೆನ್ನಾಗಿ ಬೈಯೋಕೆ ಆಗಲ್ಲ.

ಅವನು ಹೇಳಿದ್ದು ಇಷ್ಟು. ಗುಂಪು ಅನ್ನೋದು ಐದು ಗುಂಡಿನ ಒಟ್ಟು ಕಥೆ. ಕಾಡಲ್ಲಿ ಇರೋದು ಒಂದೇ ಗುಂಡು, ಅದೂ ಮೊದಲನೆಯದು. ರೇಂಜಲ್ಲಿ ನಾವು ಹೋದ ಕೂಡಲೇ ನಾಲ್ಕಾರು ಗುಂಡು ಸುಮ್ಮನೆ ಹೊಡೀತೀವಿ. ಆಗ ನಳಿಗೆ ಬಿಸಿಯಾಗುತ್ತೆ, ಗುಂಡಿನ ಮೇಣ, ಸೀಸ ಒಳಗೆ ಒಂದು ಪದರ ಕೂರುತ್ತೆ, ನಮ್ಮ ಕೈಯೂ ಹದಕ್ಕೆ ಬರುತ್ತೆ. ರಿಮ್‌ಫೈರಿನಲ್ಲಂತೂ ನಳಿಗೆ ಕ್ಲೀನ್ ಮಾಡಿದ ಮೇಲೆ ಅಥವಾ ಗುಂಡಿನ ಬ್ರ್ಯಾಂಡ್ ಬದಲಿಸಿದ ಮೇಲೆ ಮೊದಲ ಕೆಲವು ಗುಂಡು ಬೇರೆ ಕಡೆ ಬೀಳೋದು ಮಾಮೂಲು. ಅವನ್ನ ನಾವು ಲೆಕ್ಕಕ್ಕೇ ಹಿಡಿಯಲ್ಲ. ಕೋಲ್ಡ್ ಸ್ಟಾರ್ಟ್ ಬಿಟ್ಟು ಬೆಂಚ್‌ಮಾರ್ಕ್ ತೋರಿಸಿದ ಹಾಗೆ. ಆವರೇಜ್ ಲೇಟೆನ್ಸಿ ತೋರಿಸಿ ಮೀಟಿಂಗಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ಆದರೆ ಪೇಮೆಂಟ್ ಫೇಲ್ ಆದ ಒಬ್ಬ ಗ್ರಾಹಕನಿಗೆ ಆವರೇಜ್ ಕಟ್ಟಿಕೊಂಡು ಏನಾಗಬೇಕು? ಇಲ್ಲಿ ಆ ಒಬ್ಬ ಗ್ರಾಹಕ ಮರದ ಮೇಲೆ ಕೂತಿದ್ದಾನೆ.

ಇನ್ನು ದೂರದ ವಿಷಯ. ರೇಂಜಲ್ಲಿ ದೂರವನ್ನ ಬೋರ್ಡಿನಲ್ಲಿ ಬರೆದಿರ್ತಾರೆ, ಕಾಡಲ್ಲಿ ಮರಕ್ಕೆ ಬೋರ್ಡ್ ಹಾಕಿರಲ್ಲ. ಟೂಟೂ ಗುಂಡು ನಿಧಾನ, ಹಾಗಾಗಿ ಬೇಗ ಕೆಳಗಿಳಿಯುತ್ತೆ. 50 ಗಜಕ್ಕೆ ಸರಿಯಾಗಿ ಹೊಂದಿಸಿದ ರೈಫಲಿನ ಗುಂಡು 75 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು ಎರಡು ಇಂಚು ಕೆಳಗಿರುತ್ತೆ, 100 ಗಜಕ್ಕೆ ಆರು ಇಂಚಿನ ಆಸುಪಾಸು. ಕಣ್ಣಂದಾಜಿನಲ್ಲಿ ದೂರ ತಪ್ಪಿದರೆ ತಲೆಗೆ ಇಟ್ಟ ಗುರಿ ಹೊಟ್ಟೆಗೋ ಕಾಲಿಗೋ ಬೀಳುತ್ತೆ. ಗಾಳಿಯೂ ಹಾಗೇ. ಅಡ್ಡಕ್ಕೆ ಗಂಟೆಗೆ 16 ಕಿಲೋಮೀಟರ್ ವೇಗದ ಗಾಳಿ ಇದ್ದರೆ 50 ಗಜದಲ್ಲಿ ಗುಂಡು ಹತ್ತಿರತ್ತಿರ ಒಂದು ಇಂಚು ಸರಿಯುತ್ತೆ, 100 ಗಜದಲ್ಲಿ ನಾಲ್ಕೈದು ಇಂಚು. ಅಷ್ಟು ಗಾಳಿ ಅಂದರೆ ಚಂಡಮಾರುತ ಅಲ್ಲ ಮಾರಾಯ್ರೆ, ಸಣ್ಣ ರೆಂಬೆ ಅಲ್ಲಾಡಿಸುವ ಗಾಳಿ.

ಗುಂಡಿನ ಆಯ್ಕೆಯಲ್ಲೂ ಒಂದು ತಮಾಷೆ ಇದೆ. ಸ್ಪರ್ಧೆಯ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದಕ್ಕಿಂತ ಸ್ವಲ್ಪ ಕಮ್ಮಿ. ಬೇಟೆಗೆ ಅಂತ ಮಾರುವ ಹೈ ವೆಲಾಸಿಟಿ ಗುಂಡು ಸುಮಾರು 380. ವೇಗ ಜಾಸ್ತಿ ಅಂದರೆ ಒಳ್ಳೇದು ಅನ್ನಿಸುತ್ತೆ. ಆದರೆ ಅದು ದಾರಿ ಮಧ್ಯೆ ನಿಧಾನವಾಗುತ್ತಾ ಶಬ್ದದ ವೇಗವನ್ನು ಮೇಲಿನಿಂದ ಕೆಳಕ್ಕೆ ದಾಟುವಾಗ ಅಲುಗಾಡುತ್ತೆ. 100 ಗಜದಲ್ಲಿ ಗಾಳಿಗೆ ಹೆಚ್ಚು ಸರಿಯೋದೂ ಇದೇ ವೇಗದ ಗುಂಡು. ಹಾಳೆಯ ಮೇಲೆ ಅದು ಸೋಲುತ್ತೆ. ಆದರೆ ಅದರ ತುದಿಯಲ್ಲಿ ಗುಳಿ ಇರುತ್ತೆ, ತಗುಲಿದಾಗ ಅರಳಿ ಪ್ರಾಣಿಯನ್ನ ಬೇಗ ಕೊಲ್ಲುತ್ತೆ. ಹಾಳೆಗೆ ನೋವಾಗಲ್ಲ, ಅದಕ್ಕೆ ಈ ಲೆಕ್ಕ ಬೇಕಿಲ್ಲ.

ರೇಂಜಿನ ಗುರಿ ಸುಲಭ ಅಂತ ನಾನು ಹೇಳ್ತಿಲ್ಲ. ಒಲಿಂಪಿಕ್ಸಿನ 50 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಇದೇ ಟೂಟೂ ರೈಫಲಿನಿಂದ ಮಂಡಿಯೂರಿ, ಮಲಗಿ, ನಿಂತು ಹೊಡೆದು ಕಂಚು ತಂದರು. ಆದರೆ ಅವರಿಗೂ ಸ್ಪರ್ಧೆ ಶುರುವಾಗುವ ಮುಂಚೆ ಲೆಕ್ಕಕ್ಕಿಲ್ಲದ ಗುಂಡು ಹೊಡೆದು ಸೈಟ್ ಸರಿಮಾಡಿಕೊಳ್ಳಲು ಸಮಯ ಇರುತ್ತೆ. ಅಲ್ಲಿ ಒಂಬತ್ತಕ್ಕೆ ಬಿದ್ದ ಗುಂಡಿಗೂ ಒಂಬತ್ತು ಅಂಕ ಉಂಟು. ಬೇಟೆಯಲ್ಲಿ ಒಂಬತ್ತು ಅಂದರೆ ಗಾಯ.

ಇವೆರಡರ ಮಧ್ಯದ ಆಟ ನಮ್ಮ ಕೊಡಗಿನಲ್ಲಿದೆ. ಸೆಪ್ಟೆಂಬರಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್ ಬರುತ್ತೆ, ಕೋವಿಗಳಿಗೆ ಪೂಜೆ. ಹಿಂದೆಲ್ಲ ಪೂಜೆ ಮುಗಿಸಿ ಬೇಟೆಗೆ ಹೊರಡ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆ ಅವಕಾಶ ಇಲ್ಲ, ಇರಲೂಬಾರದು ಅನ್ನೋದು ನನ್ನ ಅಭಿಪ್ರಾಯ. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತೆ, ಅದರಲ್ಲಿ ಪಾಯಿಂಟ್ ಟೂಟೂಗೆ ಬೇರೆಯದೇ ವಿಭಾಗ ಇರುತ್ತೆ. ಗ್ರೂಪಿಂಗ್ ಗೀಪಿಂಗ್ ಏನಿಲ್ಲ. ಕಾಯಿ ಒಡೀತೋ ಇಲ್ವೋ, ಅಷ್ಟೇ. ಆದರೂ ತೆಂಗಿನಕಾಯಿ ಅಲ್ಲಾಡಲ್ಲ, ತಪ್ಪಿದರೆ ನರಳಲ್ಲ.

ಡಿಬಿಎ ನನಗೆ ಕೊಟ್ಟ ಪರೀಕ್ಷೆ ಇದಕ್ಕೆ ಹತ್ತಿರದ್ದು. ಒಂದೂವರೆ ಇಂಚಿನ ಐದು ಕಾಗದದ ಬಿಲ್ಲೆ ಕತ್ತರಿಸಿದ. ಬೆಂಚ್ ಇಲ್ಲ, ಮರಳು ಚೀಲ ಇಲ್ಲ. ಕಂಬಕ್ಕೆ ಹೆಗಲು ಆನಿಸಿ ನಿಂತು ಹೊಡೀಬೇಕು. ಒಂದು ಬಿಲ್ಲೆಗೆ ಒಂದೇ ಗುಂಡು, ಒಂದು ಗುಂಡಾದ ಮೇಲೆ ರೈಫಲ್ ಖಾಲಿ ಮಾಡಿ ಬೆಂಚಿನ ಮೇಲಿಟ್ಟು ಪಾರ್ಕಿಂಗ್ ತನಕ ನಡೆದು ಬರಬೇಕು. ಐದಕ್ಕೆ ಐದೂ ಬೀಳುವ ದೂರ ಯಾವುದೋ ಅದೇ ನಿನ್ನ ದೂರ. ನಾಲ್ಕು ಬಿದ್ದರೆ? "ಆ ಐದನೇದನ್ನ ಯಾರು ಕಾಡಲ್ಲಿ ಹುಡುಕ್ತಾರೆ?" ಅಂದ. 50 ಗಜದಲ್ಲಿ ಎರಡು ಬಿತ್ತು. 35ರಲ್ಲಿ ಮೂರು. ಎರಡು ಭಾನುವಾರ ಕಳೆದ ಮೇಲೆ ಐದಕ್ಕೆ ಐದು ಬಿದ್ದಿದ್ದು 20 ಗಜದಲ್ಲಿ. ಅದೇ ರೈಫಲ್ಲು, ಅದೇ ಗುಂಡು, ಅದೇ ನಾನು. ಫ್ರಿಜ್ ಮೇಲಿದ್ದ ಹಾಳೆ ಸುಳ್ಳೇನಲ್ಲ, ಅದು ಬೇರೆ ಪ್ರಶ್ನೆಯ ಉತ್ತರ.

ಅಕ್ಟೋಬರಿನ ಒಂದು ಶನಿವಾರ ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ಹಾಕಿಕೊಂಡು ಓಕ್ ಮರಗಳ ಕಾಡಿಗೆ ಹೋದೆವು. ಮೇಲಿಂದ ಕಾಯಿಯ ಸಿಪ್ಪೆ ಉದುರುವ ಸದ್ದು ಕೇಳಿದರೆ ಅಲ್ಲಿ ಅಳಿಲಿದೆ ಅಂತ ಅರ್ಥ. ಅಲ್ಲಿನ ಬೂದು ಅಳಿಲು ನಮ್ಮದಕ್ಕಿಂತ ಬಲು ದೊಡ್ಡದು, ಅರ್ಧ ಕೇಜಿ ತೂಗುತ್ತೆ. ಮೊದಲನೆಯದು ನಲವತ್ತು ಗಜದ ಆಚೆ ಇತ್ತು, ಡಿಬಿಎ ತಲೆ ಅಲ್ಲಾಡಿಸಿದ. ಎರಡನೆಯದು ಹತ್ತಿರದಲ್ಲೇ, ಹದಿನೈದು ಗಜ ಇದ್ದಿರಬಹುದು. ಆದರೆ ಅದು ಬೋಳು ಕೊಂಬೆಯ ತುದಿಯಲ್ಲಿತ್ತು, ಹಿಂದೆ ಬರೀ ಆಕಾಶ. ಈ ಪುಟ್ಟ ಗುಂಡು ಮೇಲಕ್ಕೆ ಹೊಡೆದರೆ ಒಂದು ಮೈಲಿ ಆಚೆಗೂ ಹೋಗಿ ಬೀಳಬಹುದು, ಅಲ್ಲಿ ಯಾರದ್ದೋ ಮನೆ ಇರಬಹುದು. ಅಳಿಲಿನ ಹಿಂದೆ ದಪ್ಪ ಕಾಂಡ ಇರಲೇಬೇಕು. ಆ ದಿನ ಒಂದೂ ಗುಂಡು ಹಾರಿಸದೆ ವಾಪಸ್ ಬಂದೆವು. ದಾರಿಯಲ್ಲಿ ಅವನು ಇನ್ನೊಂದು ಮಾತು ಹೇಳಿದ: ಅರೆಬರೆ ಏಟು ತಿಂದ ಅಳಿಲು ಮರದ ಪೊಟರೆ ಸೇರಿಬಿಡುತ್ತೆ, ಅಲ್ಲೇ ಒಳಗೆ ಸಾಯುತ್ತೆ, ನಮ್ಮ ಕೈಗೂ ಸಿಗಲ್ಲ. ಹೊರಗಿನಿಂದ ನೋಡಿದವರಿಗೆ ಗುಂಡು ತಪ್ಪಿತು ಅಂತಲೇ ಅನ್ನಿಸುತ್ತೆ.

ಆ ಮಾತಿಗೆ ನನಗೆ ಅಜ್ಜ ನೆನಪಾದರು. ಮಲೆನಾಡಿನ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೋವಿ ಇತ್ತು. ಎಲೆಕ್ಷನ್ ಬಂದರೆ ಠಾಣೆಗೆ ಜಮಾ, ಮುಗಿದ ಮೇಲೆ ವಾಪಸ್. ನಾನು ನೋಡಿದ ಹಾಗೆ ಅದು ಗದ್ದೆಯಲ್ಲಿ ಸದ್ದು ಮಾಡಲಿಕ್ಕೆ ಬಿಟ್ಟರೆ ಬೇರೆ ಕೆಲಸಕ್ಕೆ ಬಂದಿದ್ದಿಲ್ಲ. ಕಾಯ್ದೆ ಬರುವ ಮೊದಲಿನ ಶಿಕಾರಿ ಕಾಲದ ಒಂದೇ ಕಥೆಯನ್ನ ಅಜ್ಜ ಪದೇ ಪದೇ ಹೇಳ್ತಿದ್ದರು. ಊರಿನ ದೊಡ್ಡ ಈಡುಗಾರ ಅನ್ನಿಸಿಕೊಂಡಿದ್ದವನೊಬ್ಬ ದೂರದಿಂದ ಹಂದಿಗೆ ಈಡು ಹೊಡೆದ. ಹಿಂಗಾಲು ಮುರಿದ ಹಂದಿ ಮೂರು ರಾತ್ರಿ ಹಳ್ಳದ ಆಚೆ ಕೂಗಿತಂತೆ. ಹುಡುಕಿ ಮುಗಿಸಲು ಹೋದವರಿಗೆ ಸಿಗಲಿಲ್ಲ. "ಅವ ಗುರಿ ಇದ್ದವನೇ, ಆದರೆ ಕೋವಿ ಇಳಿಸುದು ಗೊತ್ತಿರಲಿಲ್ಲ" ಅಂತಿದ್ದರು ಅಜ್ಜ. ಇಂಚು, ಗಜ ಗೊತ್ತಿಲ್ಲದ ಅಜ್ಜನೂ ಕೀಬೋರ್ಡ್ ಕುಟ್ಟುವ ಡಿಬಿಎಯೂ ಒಂದೇ ಮಾತು ಹೇಳಿದ್ದರು.

ನೀನು ಹೊಡೆದೆಯಾ ಇಲ್ವಾ ಅಂತ ಎಲ್ಲರೂ ಕೇಳ್ತಾರೆ. ಹೊಡೆದೆ, ಒಂದೇ ಒಂದು. ನವೆಂಬರಿನಲ್ಲಿ, ಹದಿನಾರು ಹೆಜ್ಜೆ ದೂರದಲ್ಲಿ, ಹಿಂದೆ ಅಗಲವಾದ ಕಾಂಡ. ಗುಂಡಿನ ಸದ್ದು ನಿಲ್ಲುವ ಮೊದಲೇ ಅದು ಕೆಳಗೆ ಬಿದ್ದಿತ್ತು, ಕಾಲು ಕೂಡ ಆಡಿಸಲಿಲ್ಲ. ಕೈಯಲ್ಲಿ ಹಿಡಿದಾಗ ಬಿಸಿ ಇತ್ತು. ಹೊಡೆದವನು ತಿನ್ನಬೇಕು ಅನ್ನೋದು ಡಿಬಿಎ ಮನೆಯ ಕಟ್ಟಳೆ, ಮನೆಗೆ ತಂದು ಕಾಳುಮೆಣಸು ಹಾಕಿ ಸಾರು ಮಾಡಿದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಅಳಿಲಾ? ರಾಮದೇವರು ಬೆನ್ನು ಸವರಿದ ಅಳಿಲಾ?" ಅಂದಳು. ಇಲ್ಲಿನದಕ್ಕೆ ಮೂರು ಗೆರೆ ಇಲ್ಲಮ್ಮ ಅಂದೆ. "ಗೆರೆ ಇಲ್ದಿದ್ರೆ ಜೀವ ಇಲ್ವನಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇನ್ನೊಂದು ಹೊಡೆಯಬೇಕು ಅಂತ ಅನ್ನಿಸಲೂ ಇಲ್ಲ. ರೇಂಜಿಗೆ ಮಾತ್ರ ಹೋಗ್ತಾ ಇದ್ದೆ.

ಈಗ ಬೆಂಗಳೂರಿಗೆ ಬಂದು ಎರಡು ವರ್ಷ ಆಯ್ತು. ಅಲ್ಲೇ ಉಳಿದ ಗೆಳೆಯರು ಆಗಾಗ ವಾಟ್ಸಾಪಿನಲ್ಲಿ ಟಾರ್ಗೆಟ್ ಫೋಟೋ ಕಳಿಸ್ತಾರೆ. ಐದು ತೂತು, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಈ ಸಲ ಅಳಿಲಿಗೆ ಹೋಗ್ತೀವಿ ಅಂತ ಕೆಲವರು ಬರೀತಾರೆ. ಚೆನ್ನಾಗಿದೆ ಗುರು ಅಂತ ಹಾಕಿ, ಇದರಲ್ಲಿ ಮೊದಲ ಗುಂಡಿನ ತೂತು ಯಾವುದು ಅಂತ ಕೇಳ್ತೀನಿ. ಇಲ್ಲಿಯವರೆಗೆ ಯಾರೂ ಅದಕ್ಕೆ ಗುರುತು ಹಾಕಿಟ್ಟುಕೊಂಡಿಲ್ಲ.