ಬಂದ್ಯೋಡಿನ ಮಳೆಯೂ ಸಿಡಿಯದ ಕೋವಿಯೂ

ಉಪ್ಪಳ ಮತ್ತು ಕುಂಬಳೆಗಳ ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಬಂದ್ಯೋಡಿಗೆ ಸಮುದ್ರವು ಹತ್ತಿರ. ಇಲ್ಲಿಂದ ಮೂಡಣಕ್ಕೆ, ಪೆರ್ಮುದೆ, ಧರ್ಮತ್ತಡ್ಕಗಳತ್ತ ಹೋಗುವ ದಾರಿಯಲ್ಲಿ ಸಾಗಿದರೆ ಮುರಕಲ್ಲಿನ ಗುಡ್ಡಗಳೂ ಅವುಗಳ ತಪ್ಪಲಿನ ಕಂಗಿನ ತೋಟಗಳೂ ನಮ್ಮನ್ನು ಎದುರುಗೊಳ್ಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಬೇಸಗೆಯಲ್ಲಿಯೂ ಉಪ್ಪುಗಾಳಿ ಬಿಡದು. ಕಬ್ಬಿಣಕ್ಕೆ ಇಲ್ಲಿ ಆಯುಷ್ಯ ಕಡಿಮೆ.

ಇಂತಹ ನೆಲದಲ್ಲಿ ಬೆಳೆ ಕಾಯಲು ಹಿರಿಯರು ಪರವಾನಿಗೆ ಪಡೆದು ಇರಿಸಿಕೊಂಡುದು ಕೇಪಿನ ಕೋವಿ. ಚುನಾವಣೆಯ ಕಾಲಕ್ಕೆ ಅದನ್ನು ಠಾಣೆಯಲ್ಲಿರಿಸಬೇಕಾಗುವುದೂ ಉಂಟು. ತೋಟಕ್ಕಿಳಿಯುವ ಕಾಡುಹಂದಿಗಳನ್ನು ಕೊಲ್ಲಿಸಲು ಆಜ್ಞೆಯೀಯುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟ ಮೇಲೆ ಪರವಾನಿಗೆಯ ಕೋವಿಗೆ ಮತ್ತೆ ಬೆಲೆ ಬಂದಿತು. ಆದರೆ ಸಮಯಕ್ಕೆ ಸಿಡಿಯದ ಕೋವಿಯು ಬೆಳೆಯನ್ನು ಕಾಯದು, ಹಿಡಿದವನನ್ನೇ ಗಾಯಗೊಳಿಸೀತು.

ವಿಚಿತ್ರವೆಂದರೆ, ಕೇಪಿನ ವಿದ್ಯೆಗೆ ಮೂಲವಾದುದೇ ಹಕ್ಕಿಬೇಟೆಯ ಇಂತಹ ತೊಡಕು. ಚಕಮಕಿ ಕೋವಿಯ ಕಿಡಿಯನ್ನು ಕಂಡು ಹಕ್ಕಿಗಳು ಹಾರಿಹೋಗುತ್ತವೆಂದು ಬೇಸತ್ತ ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತನು, ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದನು. ಕೇಪು ಬಂದುದು ಅದರ ಬೆನ್ನಿಗೆ.

ದೋಷವನ್ನು ಗುರುತಿಸುವ ಕ್ರಮ ಸರಳ. ಕೇಪೇ ಸಿಡಿಯದಿದ್ದರೆ ಅದು ಪಸೆ ಹಿಡಿದಿರಬೇಕು, ಸರಿಯಾಗಿ ಕುಳಿತಿರಲಾರದು, ಇಲ್ಲವೆ ಕುದುರೆಯ ಸ್ಪ್ರಿಂಗು ಸೋತಿರಬೇಕು. ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ಬೆಂಕಿ ಸಾಗುವ ಸಣ್ಣ ರಂಧ್ರದಲ್ಲಿ ಮಸಿ ಕಟ್ಟಿರುತ್ತದೆ, ಅಥವಾ ಮದ್ದು ತಣ್ಣಗಾಗಿರುತ್ತದೆ. ಹಳೆಯ ರಿವಾಲ್ವರಿನಲ್ಲಿಯೂ ಇದೇ ನ್ಯಾಯ: ತೋಟೆಯ ಬೆನ್ನಿನ ಗುರುತು ಆಳವಿಲ್ಲದಿದ್ದರೆ ಮೊದಲ ಸಂಶಯ ಸ್ಪ್ರಿಂಗಿನ ಮೇಲೆ, ಆಳವಾಗಿದ್ದೂ ಸಿಡಿಯದಿದ್ದರೆ ತೋಟೆಯ ಮೇಲೆ.

ಸುಟ್ಟ ಕರಿಮದ್ದಿನ ಮಸಿಯು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಬರಿಯ ಎಣ್ಣೆಯಿಂದ ಅದು ಹೋಗದು. ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಸ್ಪ್ರಿಂಗು, ರಂಧ್ರಗಳ ದುರಸ್ತಿ ಪರವಾನಿಗೆಯುಳ್ಳ ಕುಶಲಿಯ ಕೆಲಸ.

ಎಲ್ಲಕ್ಕಿಂತ ಮೊದಲು ಬೇಕಾದುದು ತಾಳ್ಮೆ. ಕೋವಿ ಸಿಡಿಯದಾಗ ನಳಿಗೆಯನ್ನು ನಿರ್ಜನ ದಿಕ್ಕಿಗೆ ಹಿಡಿದು ಕನಿಷ್ಠ ಎರಡು ನಿಮಿಷ ಕಾಯಬೇಕು. ತಡವಾಗಿ ಹೊತ್ತುವ ಮದ್ದೂ ಉಂಟು. ಆ ಹೊತ್ತಿನಲ್ಲಿ ನಳಿಗೆಯೊಳಗೆ ಇಣುಕುವುದು ಸಾವನ್ನು ಕರೆದಂತೆ.

ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟವನ್ನು ನಮ್ಮವರು ಎಲ್ಲಕ್ಕೂ ನಂಬುತ್ತಾರೆ. ಅಡಿಕೆಗೆ ಅದು ಹಿತ, ಮದ್ದಿಗೆ ಸಲ್ಲದು. ಮದ್ದನ್ನೂ ಕೇಪನ್ನೂ ಬೇರೆಬೇರೆಯಾಗಿ, ಬಿಗಿಮುಚ್ಚಳದ ಡಬ್ಬಗಳಲ್ಲಿ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇರಿಸುವುದೇ ಲೇಸು.