ಅಪ್ಪ 23 ದಿನ ಉಂಡ ಬಿಳಿ ಊಟ

ನಮ್ಮೂರಲ್ಲಿ ಯಾರಿಗೆ ಸುಸ್ತಾದರೂ ಒಂದೇ ಮಾತು: "ಒಂದ್ ಬಾಟ್ಲಿ ಹಾಕ್ಸು, ಸರಿಹೋಯ್ತದೆ." ಜ್ವರಕ್ಕೂ ಬಾಟ್ಲಿ, ಬಾಣಂತಿ ನಿತ್ರಾಣಕ್ಕೂ ಬಾಟ್ಲಿ, ಜಾತ್ರೆಯಲ್ಲಿ ಕುಣಿದು ಬಂದ ಮೈಕೈ ನೋವಿಗೂ ಬಾಟ್ಲಿ. ಮನೆಯ ಗೋಡೆಗೆ ಮೊಳೆ ಹೊಡೆದು ಗ್ಲೂಕೋಸ್ ಬಾಟ್ಲಿ ನೇತುಹಾಕಿ ಹೋಗುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ನಾನೂ ಅದನ್ನು ನಂಬಿಕೊಂಡೇ ಬೆಳೆದವನು. ಪತ್ರಿಕೋದ್ಯಮ ಓದಿ ಬಂದ ಮೇಲೂ ನಂಬಿಕೆ ಹೋಗಿರಲಿಲ್ಲ. ಅದಕ್ಕೇ ಇದನ್ನು ಬರೀತಿದ್ದೀನಿ.

ಕಳೆದ ವರ್ಷ ಒಂದು ಗುರುವಾರ ಅಪ್ಪನಿಗೆ ಹೊಟ್ಟೆನೋವು ಬಂತು. ಬಗ್ಗಿಕೊಂಡು ಹಟ್ಟಿ ಬಾಗಿಲಲ್ಲೇ ಕೂತುಬಿಟ್ಟರು. ಬೈಕಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದವನು ನಾನೇ. ಗ್ಯಾಸ್ ಅಂದರು, ಒಂದು ಇಂಜೆಕ್ಷನ್ನು, ಒಂದು ಬಾಟ್ಲಿ. ಶುಕ್ರವಾರ ಎರಡು ಬಾಟ್ಲಿ. ಶನಿವಾರ ಇನ್ನೊಂದು. ಬಾಟ್ಲಿ ಇಳಿಯುವಾಗ ಅಪ್ಪನಿಗೆ ಸ್ವಲ್ಪ ನಿದ್ದೆ ಬರುತ್ತಿತ್ತು, ನಾವು ವಾಸಿಯಾಯಿತು ಅಂದುಕೊಳ್ಳುತ್ತಿದ್ದೆವು. ಶನಿವಾರ ರಾತ್ರಿ ಹಸಿರು ವಾಂತಿ. ಹೊಟ್ಟೆ ಮಡಕೆ ಹಾಗೆ ಊದಿತ್ತು.

ಭಾನುವಾರ ಬೆಳಗಿನ ಜಾವ ದೊಡ್ಡಾಸ್ಪತ್ರೆ ಸೇರಿಸಿದೆವು. ಇಪ್ಪತ್ತು ವರ್ಷದ ಹಿಂದೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತಲ್ಲ, ಅದರ ಜಾಗದಲ್ಲಿ ಕರುಳು ಅಂಟಿಕೊಂಡು ಸುತ್ತಿಕೊಂಡಿತ್ತಂತೆ. ಸುತ್ತಿಕೊಂಡ ಭಾಗಕ್ಕೆ ರಕ್ತ ಹೋಗದೆ ಕಪ್ಪಾಗಿತ್ತು. ಎರಡೂವರೆ ಅಡಿ ಕತ್ತರಿಸಿ ತೆಗೆದು ಜೋಡಿಸಿದರು. "ಎರಡು ದಿನ ಮುಂಚೆ ಬಂದಿದ್ರೆ ಇಷ್ಟು ತೆಗೀಬೇಕಾಗ್ತಿರಲಿಲ್ಲ" ಅಂದರು ಡಾಕ್ಟರು. ಅಮ್ಮನಿಗೆ ನಾನು ಈ ಮಾತು ಹೇಳಲಿಲ್ಲ. ಈಗಲೂ ಹೇಳಿಲ್ಲ.

ಆಪರೇಷನ್ ಆದ ಐದನೇ ದಿನ ಹೊಟ್ಟೆಯ ಪಕ್ಕದ ಪೈಪಿನಲ್ಲಿ ಹಸಿರು ನೀರು ಬಂತು. ಹೊಲಿಗೆ ಹಾಕಿದ ಕಡೆ ಕರುಳು ಸೋರುತ್ತಿತ್ತು. ಮತ್ತೆ ತಕ್ಷಣ ಹೊಟ್ಟೆ ತೆರೆಯೋದು ಬೇಡ, ಸೋರಿಕೆ ಸಣ್ಣದು, ಕರುಳಿಗೆ ರಜೆ ಕೊಟ್ಟರೆ ತಾನೇ ಕೂಡಿಕೊಳ್ಳಬಹುದು ಅಂದರು. ರಜೆ ಅಂದರೆ ಬಾಯಿಂದ ಏನೂ ಇಲ್ಲ. ಒಂದು ಚಮಚ ಕಾಫಿಯೂ ಇಲ್ಲ.

"ಮತ್ತೆ ಬಾಟ್ಲಿ ಹೋಗ್ತಾ ಐತಲ್ಲ ಸಾರ್, ಅದರಲ್ಲೇ ಶಕ್ತಿ ಬರಲ್ವಾ?" ಅಂತ ಕೇಳಿದೆ. ಡಾಕ್ಟರು ಕೇಸ್ ಶೀಟಿನ ಹಿಂದೆ ಪೆನ್ನಲ್ಲಿ ಲೆಕ್ಕ ಬರೆದು ತೋರಿಸಿದರು. ಗ್ಲೂಕೋಸ್ ಬಾಟ್ಲಿ ಮೇಲೆ 5% ಅಂತ ಬರೆದಿರುತ್ತದೆ. ಅಂದರೆ 500 ಎಂಎಲ್ ಬಾಟ್ಲಿಯಲ್ಲಿ 25 ಗ್ರಾಂ ಸಕ್ಕರೆ. ಐದಾರು ಟೀ ಚಮಚ. ಅದರಿಂದ ಸಿಗೋದು ಹೆಚ್ಚೆಂದರೆ 100 ಕ್ಯಾಲರಿ. ಸಲೈನ್ ಬಾಟ್ಲಿಯಾದರೆ ಅದೂ ಇಲ್ಲ, ಬರೀ ಉಪ್ಪುನೀರು, ಸೊನ್ನೆ. ಹಾಸಿಗೆಯಲ್ಲಿರುವ ರೋಗಿಗೆ ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ ಬೇಕು. ಆಗ ಅಪ್ಪ 50 ಕೆಜಿ ಇದ್ದರು. ಅಂದರೆ 1,250ರಿಂದ 1,500. ಬಾಟ್ಲಿಯಲ್ಲೇ ತುಂಬಿಸೋದಾದರೆ ದಿನಕ್ಕೆ ಹದಿನೈದು ಬಾಟ್ಲಿ, ಏಳೂವರೆ ಲೀಟರ್ ನೀರು. ಮನುಷ್ಯ ನೀರಲ್ಲೇ ಮುಳುಗಿ ಹೋಗುತ್ತಾನೆ. ಗಾಯ ಕೂಡಿಕೊಳ್ಳಲು ಬೇಕಾದ ಪ್ರೋಟೀನು ಅದರಲ್ಲಿ ಒಂದು ಚೂರೂ ಇರಲ್ಲ.

ನಾಲ್ಕು ಬಾಟ್ಲಿಗೆ ನಾವು ಊರಲ್ಲಿ ಕೊಟ್ಟ ದುಡ್ಡು ನೆನಪಾಯಿತು. ಒಂದು ಬಾಟ್ಲಿಯಲ್ಲಿರುವಷ್ಟು ಸಕ್ಕರೆ ಒಂದು ಲೋಟ ಪಾನಕದಲ್ಲೇ ಇರಬಹುದು. ವಾಂತಿ ಭೇದಿಯಾಗಿ ನೀರು ಬತ್ತಿ ಹೋದವರಿಗೆ ಬಾಟ್ಲಿ ಜೀವ ಉಳಿಸುತ್ತದೆ, ಅದು ಸುಳ್ಳಲ್ಲ. ಅದು ಊಟ ಅಲ್ಲ ಅಷ್ಟೇ.

ಅಪ್ಪನಿಗೆ ಹಾಕಿದ್ದು ಬೇರೆ. ಟಿಪಿಎನ್ ಅಂತಾರೆ, ರಕ್ತನಾಳದಲ್ಲೇ ಪೂರ್ತಿ ಊಟ. ದೊಡ್ಡ ಪ್ಲಾಸ್ಟಿಕ್ ಚೀಲ, ಒಳಗೆ ಮೂರು ಕೋಣೆ. ಒಂದರಲ್ಲಿ ಗಟ್ಟಿ ಗ್ಲೂಕೋಸ್, ಒಂದರಲ್ಲಿ ಪ್ರೋಟೀನಿಗೆ ಅಂತ ಅಮೈನೋ ಆಮ್ಲ, ಇನ್ನೊಂದರಲ್ಲಿ ಕೊಬ್ಬು. ಸಿಸ್ಟರ್ ಚೀಲವನ್ನು ಮೇಲಿನಿಂದ ಚಪಾತಿ ಸುತ್ತಿದ ಹಾಗೆ ಸುತ್ತಿ ಒತ್ತುತ್ತಿದ್ದರು. ಒಳಗಿನ ಅಡ್ಡಗೋಡೆ ಬಿಟ್ಟುಕೊಂಡು ಮೂರೂ ಬೆರೆತು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಅದಕ್ಕೆ ವಿಟಮಿನ್ನು, ಲವಣ ಸೇರಿಸಿ ಪಂಪಿಗೆ ಹಾಕಿದರೆ 24 ಗಂಟೆ ತೊಟ್ಟು ತೊಟ್ಟಾಗಿ ಹೋಗುತ್ತಿತ್ತು. ಕೈಯ ಸಣ್ಣ ನರಕ್ಕೆ ಈ ಗಟ್ಟಿ ದ್ರವ ಹಾಕಿದರೆ ನರ ಸುಟ್ಟ ಹಾಗಾಗುತ್ತದಂತೆ. ಅದಕ್ಕೆ ಕತ್ತಿನಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ತೆಳು ಪೈಪು ಇಳಿಸಿದ್ದರು. ಅಲ್ಲಿ ರಕ್ತ ರಭಸವಾಗಿ ಹರಿಯುವುದರಿಂದ ತಕ್ಷಣ ಬೆರೆತು ತಿಳಿಯಾಗುತ್ತದೆ.

ಹಾಕುವ ಮುಂಚೆ "ಮೊಟ್ಟೆ, ಸೋಯಾ ಅಲರ್ಜಿ ಇದೆಯಾ?" ಅಂತ ಕೇಳಿದರು. ಆ ಕೊಬ್ಬು ಸೋಯಾ ಎಣ್ಣೆಯದು, ಎಣ್ಣೆ ನೀರಲ್ಲಿ ಬೆರೆಯಲು ಮೊಟ್ಟೆಯಿಂದ ತೆಗೆದ ಒಂದು ಅಂಶ ಹಾಕುತ್ತಾರೆ. ಅವತ್ತು ಸೋಮವಾರ. ಅಮ್ಮ ಗಾಬರಿಯಾಗಿ, "ಸೋಮವಾರ ಮೊಟ್ಟೆ ಮುಟ್ಟಲ್ಲ ಅವ್ರು" ಅಂದಳು. ಸಿಸ್ಟರ್‌ಗೆ ನಗು ಬಂತು, ನನಗೂ. ಅಮ್ಮ ಮಾತ್ರ ತಾಳಿ ಮುಟ್ಟಿಕೊಂಡು ಮನೆದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡಳು.

ಆಮೇಲೆ ಮೊಬೈಲಲ್ಲಿ ಹುಡುಕಿ ಓದಿದೆ. ಈ ಎಣ್ಣೆ ಬೆರಕೆ ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್ ಅನ್ನುವವರು 1960ರ ದಶಕದ ಆರಂಭದಲ್ಲಿ ಮಾಡಿದ್ದು. ಅದೇ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಅನ್ನುವ ಸರ್ಜನ್ ನಾಯಿಮರಿಗಳಿಗೆ ರಕ್ತನಾಳದಲ್ಲೇ ಆಹಾರ ಕೊಟ್ಟು ಬೆಳೆಸಿ ತೋರಿಸಿದರು. ಆಪರೇಷನ್ ಚೆನ್ನಾಗಿ ಆಗಿಯೂ ರೋಗಿಗಳು ಊಟವಿಲ್ಲದೆ ಸಾಯೋದನ್ನು ಅವರು ಕಣ್ಣಾರೆ ಕಂಡಿದ್ದರಂತೆ.

ಮೊದಲ ದಿನ ಅರ್ಧ ಚೀಲ ಮಾತ್ರ ಹಾಕಿದರು. ದುಡ್ಡು ಕೊಟ್ಟು ತಂದಿದ್ದೀವಿ, ಮಿಕ್ಕಿದ್ದು ಯಾಕೆ ಎಸೀತೀರಾ ಅಂತ ನಾನು ಜಗಳಕ್ಕೆ ನಿಂತೆ. ಆಪರೇಷನ್ ಕಾರ್ಡಿನಲ್ಲಿ ಆಗಿತ್ತು, ಚೀಲ ಮಾತ್ರ ಹೊರಗಿನಿಂದ ತರಬೇಕಿತ್ತು, ದಿನಕ್ಕೆ ಮೂರು ಸಾವಿರದ ಹತ್ತಿರ. ಅಟ್ಟದ ಮೇಲಿದ್ದ ಕೊಬ್ಬರಿಯನ್ನು ಚಿಕ್ಕಪ್ಪ ತಿಪಟೂರಿಗೆ ಹಾಕಿ ಬಂದು ದುಡ್ಡು ಕಳಿಸುತ್ತಿದ್ದರು. ಡಾಕ್ಟರು ಸಿಟ್ಟಾಗದೆ ಹೇಳಿದರು: ಎಂಟೊಂಬತ್ತು ದಿನ ಹಸಿದ ಮೈಗೆ ಒಮ್ಮೆಲೇ ಊಟ ತುಂಬಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಷಿಯಂ ಕುಸಿದು ಹೃದಯವೇ ನಿಲ್ಲಬಹುದು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದ ಜನ ಊಟ ಸಿಕ್ಕ ಮೇಲೇ ಸತ್ತಿದ್ದುಂಟು. ಅದಕ್ಕೇ ಮೊದಲು ಬಿ1 ವಿಟಮಿನ್ ಕೊಟ್ಟು, ದಿನಾ ರಕ್ತ ನೋಡಿ, ಮೆಲ್ಲಗೆ ಏರಿಸಿದರು. ಸಕ್ಕರೆ ಕಾಯಿಲೆಯೇ ಇಲ್ಲದ ಅಪ್ಪನಿಗೆ ಆರು ಗಂಟೆಗೊಮ್ಮೆ ಸಕ್ಕರೆ ನೋಡಿ ಇನ್ಸುಲಿನ್ ಕೊಡುತ್ತಿದ್ದರು.

ಹದಿನಾಲ್ಕನೇ ದಿನ ಚಳಿಜ್ವರ. ಕತ್ತಿನ ಪೈಪಿನಿಂದಲೇ ಸೋಂಕು ಅಂದರು. ನೇರ ಹೃದಯದ ಹತ್ತಿರ ಹೋಗುವ ದಾರಿ, ಅದಕ್ಕೆ ಸಿಸ್ಟರ್‌ಗಳು ಕೈ ತೊಳೆಯದೆ ಮುಟ್ಟಿದರೆ ಸಿಡಿದು ಬೀಳುತ್ತಿದ್ದರು. ನಾವೋ, ನೋಡಲು ಬಂದವರೆಲ್ಲ ಕತ್ತು ಸವರಿ, "ಎಂಗಿದ್ದೀಯಪ್ಪಾ" ಅಂತ ಕೇಳಿದ್ದೆವು. ಪೈಪು ತೆಗೆದು ಬೇರೆ ಕಡೆ ಹಾಕಿದರು. ಆ ಎರಡು ರಾತ್ರಿ ನಾನು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಗುರುವಾರದಿಂದ ಶನಿವಾರದವರೆಗಿನ ನಾಲ್ಕು ಬಾಟ್ಲಿಗಳನ್ನೇ ಎಣಿಸುತ್ತಿದ್ದೆ.

ಅಪ್ಪನಿಗೆ ಇದು ಯಾವುದೂ ಬೇಕಿರಲಿಲ್ಲ. ಪಕ್ಕದ ಹಾಸಿಗೆಯವರು ಟಿಫನ್ ಕ್ಯಾರಿಯರ್ ತೆಗೆದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. "ಒಂದ್ ತೊಟ್ಟು ಮಜ್ಜಿಗೆ ಕೊಡ್ಲಾ, ಯಾರ್ಗೂ ಹೇಳಲ್ಲ" ಅಂತ ನನ್ನ ಕೈ ಹಿಡಿದರು ಒಂದು ಸಲ. ನಾಲ್ಕು ಎಕರೆ ತೋಟ ಮಾಡಿದ ಮನುಷ್ಯ. ಅತ್ತೆ ಸೆರಗಲ್ಲಿ ಮುಚ್ಚಿ ಎಳನೀರು ತಂದಿದ್ದರು, ಅಮ್ಮನೂ ಕೊಟ್ಟುಬಿಡೋಣ ಅನ್ನುವ ಹಾಗೆ ನೋಡಿದಳು. ನಾನು ಕಸಿದುಕೊಂಡು ಹೋಗಿ ಹೊರಗೆ ಚೆಲ್ಲಿದೆ. ಅತ್ತೆ ಮೂರು ತಿಂಗಳು ಮಾತಾಡಲಿಲ್ಲ. ಒದ್ದೆ ಹತ್ತಿಯಲ್ಲಿ ತುಟಿ ಒರೆಸೋದು, ಬಾಯಿ ಮುಕ್ಕಳಿಸಿ ಉಗಿಯೋದು, ಅಷ್ಟಕ್ಕೇ ಅನುಮತಿ ಇದ್ದದ್ದು.

ಹಸಿವಾಗ್ತಿತ್ತಾ ಅಂತ ಮನೆಗೆ ಬಂದ ಮೇಲೆ ಕೇಳಿದೆ. "ಹೊಟ್ಟೆ ಹಸೀತಿರ್ಲಿಲ್ಲ, ಬಾಯಿ ಹಸೀತಿತ್ತು" ಅಂದರು.

ಪೈಪಿನ ಹಸಿರು ನೀರು ಕಮ್ಮಿಯಾಗುತ್ತಾ ಬಂದು ನಿಂತಿತು. ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು, ಸೋರಿಕೆ ಇರಲಿಲ್ಲ. ಕರುಳು ಕೆಲಸ ಮಾಡುವ ಹಾಗಿದ್ದರೆ ಕರುಳಿಗೇ ಊಟ ಕೊಡಬೇಕು, ಚೀಲ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅಂತ ಡಾಕ್ಟರು ಮೊದಲಿಂದಲೂ ಹೇಳುತ್ತಿದ್ದರು. ಗಂಟೆಗೆ ಎರಡು ಚಮಚ ನೀರು, ಆಮೇಲೆ ಅಕ್ಕಿ ಗಂಜಿಯ ತಿಳಿ, ಆಮೇಲೆ ಗಂಜಿ. ಚೀಲ ಅರ್ಧಕ್ಕಿಳಿದು 23ನೇ ದಿನ ನಿಂತಿತು. ರಾಗಿ ಅಂಬಲಿ ಕುಡಿದದ್ದು ಊರಿಗೆ ಬಂದ ಮೇಲೆ, ಹಟ್ಟಿ ಬಾಗಿಲಲ್ಲಿ ಕೂತು, ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು.

ಈಗ ಅಪ್ಪ 55 ಕೆಜಿ. ಹೋದ ವಾರ ಚಿಕ್ಕಪ್ಪನಿಗೆ ಜ್ವರ ಬಂದು ಫೋನ್ ಮಾಡಿದರು, "ಬೈಕ್ ತಗಂಡ್ ಬಾರೋ, ಒಂದ್ ಬಾಟ್ಲಿ ಹಾಕಿಸ್ಕಂಡ್ ಬರಾನ." ಬೈಕ್ ತೆಗೆದುಕೊಂಡು ಹೋದೆ. ಕ್ರಾಸಿನಲ್ಲಿ ಎಡಕ್ಕೆ ತಿರುಗಿಸದೆ ನೇರ ತಾಲ್ಲೂಕು ಆಸ್ಪತ್ರೆ ದಾರಿ ಹಿಡಿದೆ. ಹದಿನೆಂಟು ಕಿಲೋಮೀಟರ್ ಉದ್ದಕ್ಕೂ ಹಿಂದೆ ಕೂತು ಬೈಯುತ್ತಲೇ ಬಂದರು.