ಹಣೆಯ ಏಣು

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಅರೇಬಿಕಾ ಕಾಫಿ ತೋಟಗಳಲ್ಲಿ ‘ಬೋರರ್’ ಎಂದರೆ ಯಾವ ಕೀಟವೆಂದು ಮತ್ತೆ ಕೇಳುವ ಪ್ರಮೇಯ ಬರುವುದಿಲ್ಲ. ಆದರೆ ಕೃಷಿ ಪುಸ್ತಕಗಳು ಬಿಳಿ ಕಾಂಡಕೊರಕವೆಂದು ಕರೆಯುವ ಆ ದುಂಬಿಯನ್ನು ಅಂಗೈ ಮೇಲಿಟ್ಟು, ಇದು ಯಾವ ಕುಲಕ್ಕೆ, ಎಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಯಾವ ಗುಂಪಿಗೆ ಸೇರಿದ್ದೆಂದು ವಿಚಾರಿಸಿದರೆ, ಅದರೊಡನೆ ಬದುಕು ಸವೆಸಿದ ತೋಟಗಾರನೂ ಸುಮ್ಮನಾಗುತ್ತಾನೆ. ಶಾಸ್ತ್ರದಲ್ಲಿ ಅದು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಕುಲವನ್ನು 1860ರಲ್ಲಿಯೂ ಈ ಪ್ರಭೇದವನ್ನು 1863ರಲ್ಲಿಯೂ ವಿವರಿಸಿದವನು ಫ್ರಾನ್ಸಿನ ಕೀಟತಜ್ಞ ಷೆವ್ರೊಲಾ.

ಇದರ ಕುಟುಂಬ ಸೆರಾಂಬಿಸಿಡೇ, ಅಂದರೆ ಉದ್ದ ಮೀಸೆಯ ದುಂಬಿಗಳ ಮನೆತನ. ಮಾವಿನ ಕಾಂಡವನ್ನು ಕೊರೆಯುವ ಬಟೋಸೆರಾದಂಥ ನೆಂಟರಲ್ಲಿ ಮೀಸೆ ದೇಹವನ್ನೇ ಮೀರಿ ಚಾಚಿರುತ್ತದೆ. ಕಾಫಿಯ ಈ ದುಂಬಿಗೆ ಮಾತ್ರ ರೆಕ್ಕೆಗವಚದ ನಡುವನ್ನೂ ಮುಟ್ಟದ ಮೋಟು ಮೀಸೆ ಇರುವುದರಿಂದ, ಹೆಸರನ್ನೇ ನಂಬಿ ಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತದೆ. ಕಪ್ಪು ಮೈಮೇಲಿನ ಬಿಳಿ ಪಟ್ಟೆಗಳೂ ಅಷ್ಟಾಗಿ ನೆರವಿಗೆ ಬರುವುದಿಲ್ಲ, ಏಕೆಂದರೆ ಕ್ಲೈಟಿನಿ ಎಂಬ ಈ ಉಪವಿಭಾಗದ ಬಹುತೇಕ ದುಂಬಿಗಳು ಕಣಜವನ್ನು ನೆನಪಿಸುವ ಪಟ್ಟೆಗಳನ್ನು ಹೊತ್ತು, ಕಣಜದಂತೆಯೇ ಚುರುಕಾಗಿ ಓಡಾಡುತ್ತವೆ. ಪ್ರಸ್ತುತ ಲೇಖಕನ ಬಾಲ್ಯ ಕಳೆದ ಮಲೆನಾಡಿನ ಮನೆಯ ಅಟ್ಟದಲ್ಲಿ ಒಣ ಬಿದಿರಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಹಳದಿ ಮೈಯ ಮೇಲೆ ಕರಿಯ ಬಳೆಗಳನ್ನು ಬರೆದಂತಿದ್ದ ದುಂಬಿಯೊಂದು ಹೊರಬರುತ್ತಿತ್ತು. ಮನೆಯವರು ಅದನ್ನೂ ಬೋರರ್ ಎಂದೇ ಕರೆದು ಚಪ್ಪಲಿಯ ಅಡಿಗೆ ಹಾಕುತ್ತಿದ್ದರು. ಅದು ಕ್ಲೋರೋಫೋರಸ್ ಆನ್ಯುಲಾರಿಸ್, ಕಾಫಿಗೆ ಯಾವ ಕೇಡನ್ನೂ ಮಾಡದ ಬಿದಿರುಕೊರಕ.

ಇವೆರಡನ್ನು ಬೇರ್ಪಡಿಸುವ ಗುರುತು ಬೆನ್ನಿನಲ್ಲಿಲ್ಲ, ಹಣೆಯಲ್ಲಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಗಹನ್ 1906ರಲ್ಲಿ ಪ್ರಕಟಿಸಿದ, ಅಂದಿನ ಬ್ರಿಟಿಷ್ ಇಂಡಿಯಾದ ಉದ್ದಮೀಸೆ ದುಂಬಿಗಳನ್ನು ಕುರಿತ ಸಂಪುಟದಂಥ ಗ್ರಂಥಗಳಲ್ಲಿ ಗುರುತಿನ ಕೋಷ್ಟಕಗಳಿರುತ್ತವೆ. ಅವು ಒಂದಕ್ಕೊಂದು ವಿರುದ್ಧವಾದ ಎರಡೆರಡು ಹೇಳಿಕೆಗಳನ್ನು ಮುಂದಿಟ್ಟು, ಕೈಯಲ್ಲಿರುವ ಕೀಟಕ್ಕೆ ಹೊಂದುವುದನ್ನು ಆರಿಸಿಕೊಂಡು ಮುಂದಿನ ಜೋಡಿಗೆ ಸಾಗುವಂತೆ ಓದುಗನನ್ನು ನಡೆಸುತ್ತವೆ. ಕ್ಸೈಲೋಟ್ರೆಕಸ್ ಕುಲದ ದುಂಬಿಗಳಲ್ಲಿ ಕಣ್ಣುಗಳ ನಡುವಿನ ಹಣೆಯ ಮೇಲೆ ಉದ್ದಕ್ಕೆ ಒಂದೋ ಹಲವೋ ಏಣುಗಳು, ಅಂದರೆ ಸಣ್ಣ ಉಬ್ಬುಗೆರೆಗಳು ಇರುತ್ತವೆ. ಕ್ಲೋರೋಫೋರಸ್ ಕುಲದವುಗಳ ಹಣೆ ಇಂಥ ಏಣುಗಳಿಲ್ಲದ್ದು. ಡೆಮೊನ್ಯಾಕ್ಸ್ ಎಂಬ ಮತ್ತೊಂದು ನೆಂಟ ಕುಲ ಮೀಸೆಯ ಗೆಣ್ಣುಗಳ ಮೇಲಿನ ಮುಳ್ಳಿನಿಂದಲೇ ಸಿಕ್ಕಿಬೀಳುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ, ನುಸಿಗುಳಿಗೆಯ ವಾಸನೆ ಹೊಡೆಯುವ ಪೆಟ್ಟಿಗೆಯಿಂದ ತೆಗೆದ ದುಂಬಿಯನ್ನು ಮಸೂರದಡಿ ಇಟ್ಟು ದೀಪವನ್ನು ನೇರವಾಗಿ ಹಾಯಿಸಿದಷ್ಟು ಹೊತ್ತೂ ಲೇಖಕನಿಗೆ ಬರಿಯ ಕಪ್ಪು ಮುಖವಷ್ಟೇ ಕಂಡಿತ್ತು. ಬೆಳಕನ್ನು ಓರೆಯಾಗಿಸಿದಾಗ ಇಸ್ತ್ರಿ ಮಾಡಿದ ಪಂಚೆಯ ಮಡಿಕೆಯಂತೆ ಆ ಗೆರೆಗಳು ಎದ್ದು ನಿಂತವು. ಇಷ್ಟು ಸೂಕ್ಷ್ಮವಾದ ಲಕ್ಷಣಕ್ಕೆ ಕುಲದ ಭಾರವನ್ನು ಹೊರಿಸಿದ್ದು ಅತಿಯೆಂದು ತೋರಬಹುದಾದರೂ, ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವ, ಸವೆದರೆ ಮಾಸಿಹೋಗುವ ರೋಮಗಳಿಂದಾದ ಪಟ್ಟೆಗಿಂತ ಗಟ್ಟಿ ಕವಚದ ಏಣೇ ಹೆಚ್ಚು ನಂಬಿಕೆಗೆ ಅರ್ಹ.

ತೋಟಗಾರನಿಗಾದರೋ ದುಂಬಿಯ ಮುಖ ನೋಡುವ ಅಗತ್ಯವೇ ಇಲ್ಲ, ಏಕೆಂದರೆ ಅದರ ಆಯುಷ್ಯದ ಬಹುಭಾಗ ಮರಿಹುಳುವಾಗಿ ಕಾಂಡದೊಳಗೇ ಕಳೆಯುತ್ತದೆ. ಕೊರೆದ ಸುರಂಗವನ್ನು ಹುಳು ತಾನೇ ಮರದ ಹೊಟ್ಟಿನಿಂದ ಬಿಗಿಯಾಗಿ ಮುಚ್ಚುತ್ತ ಹೋಗುವುದರಿಂದ ಹೊರಗೆ ಪುಡಿ ಬೀಳುವುದಿಲ್ಲ. ತೊಗಟೆಯ ಮೇಲೆ ಏಳುವ ಉಬ್ಬುಸುತ್ತುಗಳು ಮತ್ತು ಹಳದಿಗೆ ತಿರುಗಿ ಬಾಡುವ ಎಲೆಗಳು ಮಾತ್ರ ಸುಳಿವು ಕೊಡುತ್ತವೆ. ಹಾರಾಟದ ಕಾಲಕ್ಕೆ, ಅಂದರೆ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮುನ್ನ, ಇಂಥ ಗಿಡಗಳನ್ನು ಹುಡುಕಿ ಕಿತ್ತು ಸುಡುವುದೇ ಇಂದಿಗೂ ಮುಖ್ಯ ಉಪಾಯ.

1860ರ ದಶಕದಲ್ಲಿ ಈ ಹಾವಳಿ ಕೊಡಗಿನ ತೋಟಗಳನ್ನು ಬರಿದು ಮಾಡತೊಡಗಿದಾಗ ಮದರಾಸು ಸರ್ಕಾರ ತನಿಖೆಗೆ ಕಳುಹಿಸಿದ್ದು ಜಾರ್ಜ್ ಬಿಡಿ ಎಂಬ ವೈದ್ಯನನ್ನು, ಆತನ ವರದಿ ಹೊರಬಂದದ್ದು 1869ರಲ್ಲಿ. ಕಾಡನ್ನು ಪೂರ್ತಿ ಕಡಿದು ಬಿಸಿಲಿನಲ್ಲಿ ಬೆಳೆಸಿದ ಕಾಫಿಯೇ ಹೆಚ್ಚು ಹಾಳಾಗಿರುವುದನ್ನು ಕಂಡು ಆತ ನೆರಳಿನ ಮರಗಳನ್ನು ಶಿಫಾರಸು ಮಾಡಿದ. ಹೆಣ್ಣು ದುಂಬಿ ಬಿಸಿಲು ಬಿದ್ದ ಕಾಂಡದ ಬಿರುಕುಗಳಲ್ಲಿ ಮೊಟ್ಟೆಯಿಡಲು ಬಯಸುತ್ತದೆಂಬುದು ಇಂದು ಎಲ್ಲರಿಗೂ ತಿಳಿದ ಕಾರಣ. ಹಣೆಯ ಏಣನ್ನು ಎಣಿಸದೆಯೂ ಒಂದು ಕೀಟವನ್ನು ಇಷ್ಟು ಚೆನ್ನಾಗಿ ಬಲ್ಲವನಾಗಬಹುದೆಂಬುದಕ್ಕೆ ಆ ವೈದ್ಯನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಏಣಿನ ಪ್ರಶ್ನೆ ತೋಟಕ್ಕೆ ಕಾಲಿಟ್ಟದ್ದು ಗಂಡು ದುಂಬಿ ಸೂಸುವ ಸೆಳೆತದ ರಾಸಾಯನಿಕದ ಘಟಕಗಳನ್ನು ಗುರುತಿಸಿ, ಅದನ್ನು ಆಮಿಷವಾಗಿಟ್ಟ ಬಲೆಗಳನ್ನು ತೂಗಿಬಿಡತೊಡಗಿದ ಮೇಲೆ. ಅದೇ ಬಗೆಯ ರಾಸಾಯನಿಕಗಳನ್ನು ಅದೇ ಉಪಕುಟುಂಬದ ಇತರ ದುಂಬಿಗಳೂ ಬಳಸುವುದರಿಂದ ಬಲೆಯಲ್ಲಿ ಪಟ್ಟೆಯ ನೆಂಟರೂ ಬಂದು ಬೀಳಬಹುದು. ಅವನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸದೆ ಹಾವಳಿಯ ಅಂದಾಜು ಹಾಕುವವನು, ಕಿಸೆಯಲ್ಲೊಂದು ಮಸೂರವನ್ನಿಟ್ಟುಕೊಂಡು ಸತ್ತ ದುಂಬಿಗಳ ಹಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಲೇಬೇಕಾಗುತ್ತದೆ.